ಬಾಡಿಗೆ ಇಲ್ಲದ ದಿನಗಳು

ನನ್ನ ಲೆಕ್ಕದ ಭೂಮಿಯಲ್ಲಿ ಶಿಡ್ಲಘಟ್ಟ ಇಲ್ಲ.
ನೂರು ಕಿಲೋಮೀಟರಿಗೊಂದು ಚೌಕ,
ಚೌಕಕ್ಕೊಂದೇ ಮಳೆ, ಒಂದೇ ಗಾಳಿ, ಒಂದೇ ಸೆಕೆ.
ನಂದಿಬೆಟ್ಟವೂ ಚಿಂತಾಮಣಿಯೂ ಕೋಲಾರದ ಮುಕ್ಕಾಲೂ
ಒಂದೇ ಕಂಬಳಿ ಹೊದ್ದು ಮಲಗಿವೆ.
ಬೆಟ್ಟ ಸವೆದು ಬರಿಯ ಸರಾಸರಿ.

ಅಲ್ಲಿ ಬಂಗಾಳಕೊಲ್ಲಿ ಕಾಯುತ್ತದೆ,
ಅರ್ಧ ಡಿಗ್ರಿ, ಇನ್ನರ್ಧ;
ನಾನೇ ಕಾಯಿಸುತ್ತೇನೆ, ಒಂದು ಸಾಲು ತಿದ್ದಿ.
ಆಮೇಲೆ ಸುಳಿ ಹುಡುಕುವ ಕೆಲಸ:
ನಡುವೆ ಬಿಸಿ ಇರಬೇಕು, ಗಾಳಿಗಿಷ್ಟು ವೇಗ ಇರಬೇಕು,
ಎರಡು ದಿನವಾದರೂ ಬಾಳಬೇಕು.
ಇಲ್ಲವೆಂದರೆ ಅದು ಚಂಡಮಾರುತವಲ್ಲ,
ಪಟ್ಟಿಯಿಂದ ಹೊರಗೆ.

ಮುನಿಗಂಗಮ್ಮನ ಪಟ್ಟಿ ಬೇರೆ.
ಹುಳು ಹಣ್ಣಾಗುವ ಹೊತ್ತಿಗೆ ಚಂದ್ರಿಕೆ ಬಾಡಿಗೆ ಕೊಡುವವಳು.
ನಾನೂರ ಹನ್ನೆರಡು ಚಂದ್ರಿಕೆ, ಮೂವತ್ತೊಂದು ವರ್ಷದ ನೋಟ್‌ಬುಕ್ಕು:
ಹೆಸರು, ಊರು, ಎಷ್ಟು, ಎಷ್ಟು ದಿನ.
ಜಡಿ ಹಿಡಿದು ಹುಳು ಗೂಡು ಕಟ್ಟಲು ತಡಮಾಡಿದರೆ
ಆ ದಿನಕ್ಕೆ ಬಾಡಿಗೆ ಇಲ್ಲ. ಸೊನ್ನೆ.
"ಮೋಡ ಮಾಡಿದ್ ತಡಕ್ಕೆ ನಾನ್ ಹೆಂಗ್ ಕಾಸ್ ಕೇಳ್ಲಿ?"

ಆ ಸೊನ್ನೆಗಳ ಮೇಲೆ ಕಾಲಿಡುತ್ತಾ ಹಿಂದಕ್ಕೆ ನಡೆದೆ.
ಒಂದು ಕಾರ್ತಿಕದಲ್ಲಿ ಮೂರು:
ಅತ್ತ ನೆಲ್ಲೂರಿನ ಕಡೆ ಏನೋ ದಡ ಹತ್ತಿತ್ತು.
ಒಂದು ಡಿಸೆಂಬರಿನಲ್ಲಿ ಐದು.
ನನ್ನ ಪಟ್ಟಿ ಕೈಬಿಟ್ಟಂಥವು, ಕಣ್ಣಿಲ್ಲದವು, ಹೆಸರು ದಕ್ಕದವು,
ಘಾಟಿ ಹತ್ತುವಷ್ಟರಲ್ಲಿ ಏದುಸಿರು ಬಿಟ್ಟು
ತುಂತುರಾಗಿ ಇವಳ ಪೆನ್ಸಿಲ್ಲಿಗೆ ಸಿಕ್ಕಿಬಿದ್ದಿವೆ.

ಪರದೆಯ ಮೇಲೆ ತೋರಿಸಿದೆ, ೨೦೭೧ರ ನವೆಂಬರ್,
ಇನ್ನೂ ಹುಟ್ಟದ ಬಿರುಗಾಳಿ.
"ಚಂದ್ರಿಕೆನೇ!" ಅಂದಳು. ಬಿದಿರಿನ ಸುತ್ತು, ಒಳಗೊಳಗೆ.
"ಹೆಣೆದೋನು ನಡುಮಧ್ಯ ಬಿಗಿ ಮಾಡಿಲ್ಲ ನೋಡು, ಸಡ್ಲ ಬಿಟ್ಟವ್ನೆ."
ನಿಜ. ನೂರು ಕಿಲೋಮೀಟರ್ ಅಗಲದ ಸೀಳು
ಅಷ್ಟು ಸಣ್ಣಗೆ ಬಾಗುವುದಿಲ್ಲ.

"ಆಗ ನಾನು ಎಷ್ಟು ಸೊನ್ನೆ ಹಾಕ್ಬೇಕು?"
ಹನ್ನೆರಡು ಸಲ ಓಡಿಸಿದ್ದೇನೆ, ಹನ್ನೆರಡು ಉತ್ತರ.
ಬರುವವು ಕಡಿಮೆಯಾಗಬಹುದು, ಅಂದೆ,
ಬಂದವು ಜೋರು, ಹೊತ್ತ ನೀರೂ ಹೆಚ್ಚು.
ಬೆರಳು ನೆಕ್ಕಿ ಹಾಳೆ ಮಗುಚಿದಳು:
"ಅಂದ್ರೆ ಸೊನ್ನೆ ಕಮ್ಮಿ, ಆದ್ರೆ ಒಂದರ ಪಕ್ಕ ಒಂದು."
ಇಷ್ಟನ್ನು ಬರೆಯಲು ನನಗೆ
ನಾಲ್ಕು ವರ್ಷ, ಹದಿನೇಳು ಪುಟ.

ಮೇಲೂರಿನ ಟೆಂಪೋ ಬಂದು ನಿಂತಿತು. ಇಪ್ಪತ್ತು ಬೇಕಂತೆ,
ಗುರುವಾರಕ್ಕೆ ಹಣ್ಣು ಹುಳು.
ಅವಳು ಆಕಾಶ ನೋಡಿದಳು, ಆಮೇಲೆ ನನ್ನ ಮುಖ.
ಗುರುವಾರದ ಬಗ್ಗೆ ನನಗೇನೂ ಗೊತ್ತಿರಲಿಲ್ಲ.