ಹಡಗು ಆರಕ್ಕೆ ಹೊರಡುತ್ತದೆ

ಚೋಂದಮ್ಮ ಟೀಚರು ಜೀಪು ಹತ್ತಿದ್ದು ಹಿಂದಕ್ಕಲ್ಲ,
ನನ್ನ ಪಕ್ಕದ ಸೀಟಿಗೆ.
ಮೊಣಕಾಲು ಎರಡೂ ಹೋಗಿವೆ, ಬಾಯಿ ಹಾಗೇ ಇದೆ:
"ಎಂಟನೇ ಬಿ, ಕೊನೇ ಬೆಂಚು, ಅಲ್ವೇನೋ ನೀನು?"

ಇಪ್ಪತ್ತೊಂಬತ್ತು ವರ್ಷ ಮಡಿಕೇರಿಯ ಕಪ್ಪು ಹಲಗೆಯ ಮೇಲೆ
ಒಂದೇ ಬೆಟ್ಟ ಬರೆದವರು ಅವರು:
ಬಿಳಿ ಬಳಪದಲ್ಲಿ ಗುಡ್ಡ, ಕೆಂಪು ಬಳಪದಲ್ಲಿ ಅದರ ಹೊಟ್ಟೆಯುರಿ,
ನೆತ್ತಿಯಲ್ಲಿ ಹೂಕೋಸಿನಂಥ ಹೊಗೆ.
ಹೋದ ವರ್ಷ ಪಿಂಚಣಿಯ ಗಂಟು ಬಿಚ್ಚಿ
ಹಡಗು ಹತ್ತಿ ಅದನ್ನೇ ಕಣ್ಣಾರೆ ನೋಡಿ ಬಂದಿದ್ದಾರೆ.

ದಾರಿಯುದ್ದಕ್ಕೂ ಅದೇ ಕತೆ.
ದಡಕ್ಕಿಳಿದವರ ಎದೆಗೆಲ್ಲ ನಂಬರಿನ ಚೀಟಿಯಂತೆ,
ಇವರದು ಹದಿನೇಳು.
ಮುಂದೆ ಹಳದಿ ಕೊಡೆ ಎತ್ತಿಕೊಂಡ ಹುಡುಗಿ:
ಬೆಟ್ಟಕ್ಕೆ ಎರಡು ಗಂಟೆ, ಊಟಕ್ಕೆ ಮುಕ್ಕಾಲು,
ಸತ್ತ ಊರಿಗೆ ಎರಡು,
ತಡವಾದರೆ ಕಾಯುವುದಿಲ್ಲ, ಹಡಗು ಆರಕ್ಕೆ ಹೊರಡುತ್ತದೆ.

ನಗು ಬಂತು. ನಾನೂ ಹಾಗೇ ಅಲ್ಲವೇ ಕೂಗುವುದು:
ಮಾಂದಲಪಟ್ಟಿಯ ಮೇಲೆ ಮುಕ್ಕಾಲೇ ಗಂಟೆ,
ಮಂಜು ಸರಿಯದಿದ್ದರೆ ದುಡ್ಡು ವಾಪಸಿಲ್ಲ.

"ಬೆಟ್ಟದ ಬಾಯಲ್ಲಿ ಏನಿತ್ತು ಟೀಚರ್?"
"ಏನೂ ಇಲ್ಲ ಕಣೋ. ಕಲ್ಲು ಕ್ವಾರಿಯ ಗುಂಡಿ ಇದ್ದಂಗೆ.
ಒಂದು ಮೂಲೆಯಲ್ಲಿ ಆವಿ,
ಕಡಂಬುಟ್ಟಿನ ಪಾತ್ರೆಗೆ ಮುಚ್ಚಳ ಸರಿಯಾಗಿ ಕೂರದಿದ್ರೆ
ಬರುತ್ತಲ್ಲ, ಅಷ್ಟೇ.
ನಾನು ಬರೀತಿದ್ದ ಕೆಂಪು ಎಲ್ಲೂ ಇರಲಿಲ್ಲ."

ಬ್ಯಾಗಿನಿಂದ ಒಂದು ಕಲ್ಲು ತೆಗೆದು ಕೈಗಿಟ್ಟರು.
ಮೈಯೆಲ್ಲ ತೂತು, ತೂಕವೇ ಇಲ್ಲ,
ನೀರಲ್ಲಿ ತೇಲುತ್ತದಂತೆ. ನಂಬಲಿಲ್ಲ ನಾನು.
ಗೇರಿನ ಪಕ್ಕ ಇಟ್ಟೆ, ಪ್ರತಿ ಹೊಂಡಕ್ಕೂ ಕುಣಿಯಿತು.

ಆಮೇಲೆ ಊರು. ಕಲ್ಲುಬೀದಿಯಲ್ಲಿ ಗಾಡಿಚಕ್ರ ಕೊರೆದ ಗೆರೆ,
ಒಲೆಯಲ್ಲೇ ಇದ್ದಿಲಾಗಿ ಸಿಕ್ಕ ರೊಟ್ಟಿ,
ಎಂಟು ಪಾಲಿಗೆ ಗೀರು ಹಾಕಿಟ್ಟದ್ದು, ತಿನ್ನಲು ಯಾರೂ ಬರಲಿಲ್ಲ.
ಬೂದಿಯೊಳಗೆ ಮೈ ಕರಗಿ ಉಳಿದ ಟೊಳ್ಳಿಗೆ
ಗಾರೆ ಸುರಿದು ಎತ್ತಿದ ಆಕಾರಗಳು.
ಫೋನು ನನ್ನ ಮುಂದೆ ಹಿಡಿದರು.

ನಾಯಿ.
ಬೆನ್ನು ತಿರುಚಿ, ಕಾಲು ಮೇಲೆ,
ಕುತ್ತಿಗೆಗೆ ಪಟ್ಟಿ.

ತಿರುವಿನಲ್ಲಿ ಜೀಪು ನಿಲ್ಲಿಸಿಬಿಟ್ಟೆ.
"ಯಾರು ಕಟ್ಟಿದ್ದರು?"
"ಹುಡುಗಿ ಹೇಳಲಿಲ್ಲ. ಟೈಮಿರಲಿಲ್ಲ."

ಆ ವರ್ಷ, ಆಟಿ ಮುಗಿಯುವ ವಾರ, ಬೆಳಗಿನ ಜಾವ
ನಮ್ಮ ಪೈಸಾರಿಯ ಹಿಂದಿನ ಗುಡ್ಡ
ಲಾರಿಯಿಂದ ಜಲ್ಲಿ ಸುರಿದ ಸದ್ದು ಮಾಡಿತು.
ಅಮ್ಮನನ್ನು ಬೆನ್ನಿಗೆ ಹಾಕಿಕೊಂಡೆ,
ರೇಷನ್ ಕಾರ್ಡು ಹಲ್ಲಲ್ಲಿ ಕಚ್ಚಿಕೊಂಡೆ,
ಕೋಳಿಗೂಡಿನ ಬಾಗಿಲನ್ನೂ ಒದ್ದು ತೆರೆದೆ.
ಕೆಂಚನ ಸರಪಳಿಯ ಕೊಕ್ಕೆಗೆ ತುಕ್ಕು.
ಎರಡು ಸಲ ಎಳೆದೆ.
ಕೈ ನೆಕ್ಕಿತು, ಆಟವೆಂದುಕೊಂಡು.
ಮೂರನೇ ಸಲ ಎಳೆಯಲಿಲ್ಲ.

ನಮ್ಮದು ಒದ್ದೆ ಮಣ್ಣು, ಟೊಳ್ಳು ಉಳಿಸುವುದಿಲ್ಲ,
ಗಾರೆ ಸುರಿಯಲು ಜಾಗವೇ ಇಲ್ಲ.
ಈಗ ಎದೆಯೆತ್ತರ ಹುಲ್ಲು. ಪ್ರವಾಸಿಗಳು ಕೇಳುತ್ತಾರೆ,
"ಇಲ್ಲೇನಾ ಜಾರಿದ್ದು?"
ಕೈ ತೋರಿಸುತ್ತೇನೆ, ಫೋಟೋಗೆ ಎರಡು ನಿಮಿಷ ಕೊಡುತ್ತೇನೆ.
ನಾಯಿಯ ವಿಷಯ ಹೇಳಿಲ್ಲ ಯಾರಿಗೂ,
ಇವತ್ತಿನ ತನಕ.

ಟೀಚರು ಬಹಳ ಹೊತ್ತು ಕನ್ನಡಕ ಒರೆಸಿದರು.
"ನಮ್ಮದು ಹಳೇ ಗುಡ್ಡಗಳು, ಒಳಗೆ ಬೆಂಕಿ ಇಲ್ಲ,
ಹೆದರಬೇಡಿ ಅಂತ ಹೇಳಿಕೊಟ್ಟಿದ್ದೆ, ಅಲ್ವಾ?"
"ಹೌದು ಟೀಚರ್. ಪರೀಕ್ಷೆಗೂ ಬಂದಿತ್ತು.
ಎರಡು ಮಾರ್ಕು. ನಾನು ಬರೆದಿದ್ದೆ."

ಮಾಂದಲಪಟ್ಟಿ ಬೇಡವೆಂದರು.
ಹುಲ್ಲಿನ ಅಂಚಿಗೆ ಕರೆದೊಯ್ದೆ.
ಕಲ್ಲನ್ನು ಅಲ್ಲಿ ಇಡಲು ಹೋದರು, ಮೊಣಕಾಲು ಬಗ್ಗಲಿಲ್ಲ.
ಇಸಿದುಕೊಂಡೆ. ನೆಲಕ್ಕಿಡಲು ನನಗೂ ಆಗಲಿಲ್ಲ.
ಪಕ್ಕದ ತೋಡಿಗೆ ಬಿಟ್ಟೆ, ಗುಡ್ಡ ಜಾರಿದ ಮೇಲೆ
ಹೊಸ ದಾರಿ ಹಿಡಿದ ನೀರು ಅದು.

ಇದೊಂದು ಅವರು ಹೇಳಿದ ಹಾಗೇ ಆಯಿತು.
ತೇಲಿತು.