ಹಲಗೆಯ ಸದ್ದು

ಗೋಲಿ ಬಾಯಿ ಮುಚ್ಚಬಾರದು, ಅನ್ನುತ್ತಿದ್ದರು ಇಗ್ನೇಶಿಯಸ್ ಸರ್,
ಹತ್ತು ಬೆನ್ನುಗಳಿಗೆ ಕಣ್ಣು ನೀನು.
ಹಾಗಾಗಿ ಒಂಬತ್ತು ವರ್ಷ ಪೊನ್ನಂಪೇಟೆಯ ಟರ್ಫಿನಲ್ಲಿ
ನಾನು ಓಡಿದ್ದು ಕಡಿಮೆ, ಕೂಗಿದ್ದೇ ಹೆಚ್ಚು:
ಎಡಕ್ಕೆ, ಪಳಂಗಪ್ಪ, ಎಡಕ್ಕೆ!
ತಳ್ಳು ಹೊರಗೆ, ನನಗೆ ಬಿಡು, ನನಗೆ ಬಿಡು!

ಆಗ ನನಗೆ ಆಗದಿದ್ದ ಸದ್ದು ಒಂದೇ.
ಬೆನ್ನ ಹಿಂದಿನ ಹಲಗೆಗೆ ಚೆಂಡು ಬಡಿದ
ಆ ಒಣ ಟಕ್.
ತಿರುಗಿ ನೋಡಬೇಕಿಲ್ಲ.
ಬೇಲಿಯಾಚೆ ಆಮ್ಲೆಟ್ ಹುಯ್ಯುವವನಿಗೂ ಗೊತ್ತಾಗುತ್ತದೆ.

ಮೊಣಕಾಲು ಹೋದದ್ದು ಫೈನಲ್ಲಿನಲ್ಲಲ್ಲ.
ಹಾಗಾಗಿದ್ದರೆ ಹೇಳಿಕೊಳ್ಳಲು ಕಥೆಯಾದರೂ ಇರುತ್ತಿತ್ತು.
ಮಂಗಳವಾರದ ಅಭ್ಯಾಸ, ಯಾರೂ ತಾಗಲಿಲ್ಲ.
ಬೂಟು ನಿಂತಿತು, ಮೈ ತಿರುಗಿತು,
ಒಳಗೆ ಹಸಿ ಸಿಲ್ವರ್ ಕೊಂಬೆ ಮುರಿದ ಹಾಗೆ.
ಮೈಸೂರಿನ ಡಾಕ್ಟರು ನಡೆಯಬಹುದು ಅಂದರು,
ಮತ್ತೆ ಮತ್ತೆ ಅದನ್ನೇ ಅಂದರು, ನಡೆಯಬಹುದು.
ಅಪ್ಪ ಬಿಲ್ಲನ್ನು ನಾಲ್ಕಾಗಿ ಮಡಿಸಿ
ಕಿಸೆಯಲ್ಲಿಟ್ಟು ಮಳೆಯ ಮಾತೆತ್ತಿದರು.

ಹಾಸ್ಟೆಲಿನ ಟ್ರಂಕು ಜೀಪಿನ ಹಿಂಬದಿಯಲ್ಲಿ ಬಂತು.
ಪ್ಯಾಡುಗಳನ್ನು ಅವ್ವ ಕೊಟ್ಟಿಗೆಗೆ ಹಾಕಿದಳು,
ಅಷ್ಟು ನಾತ.
ಹದಿನೈದು ದಿನಕ್ಕೆ ಹೆಲ್ಮೆಟ್ಟಿನೊಳಗೆ ಹೇಂಟೆ ಮೊಟ್ಟೆಯಿಟ್ಟಿತು.
ನಾನು ತಡೆಯಲಾರದ್ದನ್ನು ಅದು ಕಾದು ಕೂತಿತು,
ಜಾಲರಿಯ ಹಿಂದೆ, ಕಣ್ಣು ಮಿಟುಕಿಸದೆ.

ಗೋಣಿಕೊಪ್ಪಲಿನ ಫಿಸಿಯೋ, ಕಣ್ಣೂರಿನ ಶೈಲಜಾ ಚೇಚಿ:
ಕಾಲೆತ್ತು, ಹದಿನಾರು ಸಲ, ಎಣಿಸು.
ಒಂದ್, ದಂಡ್, ಮೂಂದ್, ನಾಲ್...
ಆರಕ್ಕೆ ಬೆವರು, ಒಂಬತ್ತಕ್ಕೆ ಬೈಗುಳ.
ಬೈಗುಳ ತೀರಿದ ಮೇಲೆ
ಎಣಿಕೆಗಳ ನಡುವಿನ ಸಂದಿಗೆ
ಹಳೇ ಕೂಗುಗಳೇ ಬಂದು ಕೂತವು.
ಎಡಕ್ಕೆ, ಬಿಡಬೇಡ, ನಡು ಬಿಡಬೇಡ...
ಎರಡನೇ ಅಕ್ಷರ ಒಂದಕ್ಕೊಂದು ಗುದ್ದುತ್ತಿತ್ತು.
ಪ್ರಾಸವೆಂದರೆ ಅದೇ ಎಂದು ಶಾಲೆಯಲ್ಲಿ ಹೇಳಿದ್ದರಂತೆ,
ನಾನು ಆಗ ಡೆಸ್ಕಿನ ಮೇಲೆ ಮಲಗಿದ್ದೆ.

ಏನೋ ಗೊಣಗುತ್ತೀಯಲ್ಲ, ಪ್ರಾರ್ಥನೆಯಾ? ಎಂದಳು ಚೇಚಿ.
ರ್‍ಯಾಪು ಅಂದೆ.
ಮೂರು ಸಲ ಹೇಳಬೇಕಾಯಿತು.
ಹಾಗಾದರೆ ಎಡಗಾಲಿಗೂ ಒಂದು ಬರಿ, ಎಂದಳು.

ವಿರಾಜಪೇಟೆಯ ಸ್ಟುಡಿಯೋದವನಿಗೆ ಮದುವೆ ವಿಡಿಯೋ ಕಸುಬು.
ಕೊಡಗಿನ ಹುಡುಗ, ದುಡಿ ಹಾಕೋಣ, ಕುಪ್ಪಸ ಹಾಕು,
ಹಿಂದೆ ಮಂಜು ಬಿಡೋಣ, ಓಡುತ್ತದೆ ಅಂದ.
ದುಡಿ ಅಜ್ಜನ ಕೈಯದು. ಕೇಳದೆ ಎರವಲು ತರಲಾರೆ.
ನನ್ನ ಕಿವಿಯಲ್ಲಿ ಇದ್ದದ್ದು ಒಂದೇ ಸದ್ದು.

ಪಳಂಗಪ್ಪನಿಗೆ ಫೋನು ಮಾಡಿದೆ.
ಸಂಜೆ, ಟರ್ಫ್ ಖಾಲಿ, ನೀರು ಆಗಷ್ಟೇ ಬಿಟ್ಟಿದ್ದರು.
ಗೋಲಿನ ಪಕ್ಕ ಮಂಡಿಯೂರಿ,
ಒಂದೇ ಮಂಡಿ, ಇನ್ನೊಂದು ಬಗ್ಗುವುದಿಲ್ಲ,
ಮೊಬೈಲು ಹಿಡಿದೆ.
ಹೊಡಿ ಅಂದೆ.
ಖಾಲಿ ಗೋಲಿಗಾ? ಅಂದ. ನಾಚಿಕೆ ಅವನಿಗೆ.
ಹೊಡಿ ಮಾರಾಯ.

ಟಕ್.
ಮೊದಲನೆಯದಕ್ಕೆ ಕೈ ತಾನೇ ಎದ್ದಿತು, ಹಾಳಾಯಿತು ರೆಕಾರ್ಡಿಂಗು.
ಟಕ್.
ಎರಡಕ್ಕೆ ಹಲ್ಲು ಕಚ್ಚಿದೆ.
ಐದಕ್ಕೋ ಆರಕ್ಕೋ, ನೆನಪಿಲ್ಲ,
ಚೆಂಡು ಬರುವುದನ್ನು ಕಾಯತೊಡಗಿದ್ದೆ.
ಒಳಗೆ ಬರಲಿ, ಬರಲಿ ಎಂದು.

ಈ ಏಪ್ರಿಲ್ಲಿನಲ್ಲಿ ನಾಪೋಕ್ಲು, ಕುಟುಂಬಗಳ ಹಾಕಿ,
ವಿರಾಮದಲ್ಲಿ ಐದು ನಿಮಿಷ, ಅನೌನ್ಸರನ ಮೈಕು.
ಸ್ಪೀಕರಿನಲ್ಲಿ ಟಕ್ ಟಕ್, ಜನ ತಿರುಗಿ ಗೋಲನ್ನು ನೋಡಿದರು.
ಮುಂದಿನ ಸಾಲಿನ ಅಜ್ಜಿ ಜೋರಾಗಿಯೇ ಕೇಳಿತು:
ಇದು ಪಾಟೋ, ಪಂಚಾಯ್ತಿಯೋ?

ಎರಡನೇ ಚರಣ ಮರೆತುಹೋಯಿತು.
ಬರೆದದ್ದೆಲ್ಲ ಹೋಯಿತು, ಪ್ರಾಸ, ಪಾಠ, ಎಲ್ಲ.
ಹಲಗೆ ಬಡಿಯುತ್ತಲೇ ಇತ್ತು, ನಿಲ್ಲಿಸುವಂತಿಲ್ಲ,
ಬಾಯಿ ಮುಚ್ಚುವಂತಿಲ್ಲ.
ಬಂದದ್ದನ್ನೇ ಕೂಗಿದೆ:
ಎಡಕ್ಕೆ, ಪಳಂಗಪ್ಪ, ಎಡಕ್ಕೆ!

ಗೆರೆಯಾಚೆ, ಕಿತ್ತಳೆ ಹೋಳು ಬಾಯಲ್ಲಿಟ್ಟುಕೊಂಡೇ
ಅವನು ಒಂದು ಹೆಜ್ಜೆ ಎಡಕ್ಕೆ ಸರಿದ.