ಒಂದು ‘ಸಿ’

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ನನ್ನ ಅಂಗಡಿಗೆ ಬೋರ್ಡಿಲ್ಲ.
ಕೋವಿ ಕೆಟ್ಟವರು ಎಣ್ಣೆಯ ವಾಸನೆ ಹಿಡಿದು ಬರುತ್ತಾರೆ.

ಸೋಮವಾರ ಸುಬೇದಾರ್ ಪೆಮ್ಮಯ್ಯ ಬಂದರು.
ಟವೆಲಿನಲ್ಲಿ ಸುತ್ತಿದ ಪಿಸ್ತೂಲನ್ನು
ಸತ್ತಿದೆಯೋ ಇಲ್ಲವೋ ಗೊತ್ತಿಲ್ಲದ ಹಾವಿನಂತೆ
ಮೇಜಿನ ಮೇಲಿಟ್ಟರು.
‘ನಾನು ಮುಟ್ಟಲಿಲ್ಲ ಐರಿ’ ಎಂದರು.
ಫೌಜಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ಬೆರಳನ್ನು
ಅಂಗೈಯೊಳಗೆ ಮಡಚಿ ಬಚ್ಚಿಟ್ಟುಕೊಂಡು.

ಗೋಣಿಕೊಪ್ಪದ ಸಂತೆ ದಿನ, ಜೀಪಿನಿಂದ ಇಳಿಯುವಾಗ
ಸೊಂಟದ ಚೀಲ ಬಾಗಿಲಿಗೆ ತಗಲಿತು. ಅಷ್ಟೇ.
ಹಂದಿಮಾಂಸದ ಕೈಚೀಲ ಎತ್ತಿ ಕೊಡುತ್ತಿದ್ದ ದೇಚವ್ವ
ಚೀಲ ಬಿಡದೆ ಕುಳಿತಳು,
ಮೊಣಕಾಲ ಕೆಳಗೆ ಯಾವುದು ಯಾವ ರಕ್ತವೋ ತಿಳಿಯದೆ.
ಹುಟ್ಟಿಗೆ ಒಂದು, ಸಾವಿಗೆ ಎರಡು, ನಮ್ಮ ಲೆಕ್ಕ.
ಒಂದೇ ಸದ್ದು ಕೇಳಿದ ಬಾಳೆಕಾಯಿ ಅಂಗಡಿಯವನು
‘ಯಾರ ಮನೆಯಲ್ಲಿ ಗಂಡು?’ ಎಂದನಂತೆ.

ಠಾಣೆಯಲ್ಲಿ ಬರೆದುಕೊಂಡರು:
ಆಕಸ್ಮಿಕವಾಗಿ ಗುಂಡು ಹಾರಿರುತ್ತದೆ.
ಮೂರು ತಿಂಗಳಿಗೆ ಕಂಪನಿಯ ಕಾಗದ ಬಂತು,
ಒಳ್ಳೆಯ ಕಾಗದ, ಒತ್ತಿದರೆ ಮಡಿಕೆ ಬೀಳದ್ದು:
ಗ್ರಾಹಕರು ಗುಂಡು ಹಾರಿಸಿರುತ್ತಾರೆ,
ನಮ್ಮ ಉತ್ಪನ್ನ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆ.

ಹಾರಿ. ಹಾರಿಸಿ.
ನಡುವೆ ಇರುವುದು ಒಂದು ‘ಸಿ’.
ನಾನು ಏಳನೇ ಕ್ಲಾಸಿಗೆ ಬಿಟ್ಟವನು, ವ್ಯಾಕರಣ ತಿಳಿಯದು.
ಆದರೆ ಆ ಒಂದಕ್ಷರದಲ್ಲಿ ಅವಳ ಕಾಲಿದೆ,
ಅದರೊಳಗಿನ ಎರಡು ಸ್ಟೀಲ್ ಪಟ್ಟಿಗಳಿವೆ,
ಗಂಡ ಹೆಂಡತಿ ಊಟಕ್ಕೆ ಕೂತಾಗ
ಆಡದೆ ಉಳಿಯುವ ಮಾತಿದೆ.

ಪಿಸ್ತೂಲು ಬಿಚ್ಚಿದೆ.
ಕೊಕ್ಕೆ ಹಲ್ಲಿಗೆ ಕಚ್ಚಬೇಕಾದದ್ದು ಉಗುರಿನ ದಪ್ಪ.
ಕಚ್ಚಿದ್ದು ಈರುಳ್ಳಿ ಸಿಪ್ಪೆಯಷ್ಟು.
ಸವೆದದ್ದಲ್ಲ, ಹುಟ್ಟುವಾಗಲೇ ಹಾಗೆ.
ಮೈ ಮಾತ್ರ ಹೊಳಪೋ ಹೊಳಪು.

ನನ್ನ ಅಜ್ಜ ಕೋವಿಗೆ ಹೊಸ ಕುದುರೆ ಕೂರಿಸಿದರೆ
ಮೊದಲ ಗುಂಡು ತಾನೇ ಹೊಡೆಯುತ್ತಿದ್ದ,
ಹಿಡಿಗೆ ಕೆನ್ನೆಯೊತ್ತಿ.
ಆಮೇಲೆ ನಳಿಗೆಯಡಿ ಒಂದು ಚುಕ್ಕೆ ಕೊರೆಯುತ್ತಿದ್ದ.
ಸಿಡಿದರೆ ಯಾರ ಮನೆಗೆ ಬರಬೇಕೆಂದು
ಗೊತ್ತಿರಲಿ ಎಂದು.
ಆ ಕೆನ್ನೆಯೇ ಅವನ ಗ್ಯಾರಂಟಿ ಕಾರ್ಡು.

ಇಷ್ಟು ಹೇಳಿ ಸುಮ್ಮನಿರಬಹುದಿತ್ತು.

ಹೋದ ವರ್ಷ ಕೈಲ್ ಪೊಳ್ದ್‌ಗೆ ನಾಲ್ಕು ದಿನ ಮುಂಚೆ
ಪೊನ್ನಂಪೇಟೆಯ ಒಬ್ಬರು ಇದೇ ಮಾದರಿ ತಂದಿದ್ದರು.
ಪೂಜೆಗಿಡಲು ಒರೆಸುವಾಗ
ತಾನಾಗಿ ಸಿಡಿದು ಗೋಡೆ ಹೊಕ್ಕಿತ್ತಂತೆ.
ತೋಕ್ ಪೂ ಸಿಕ್ಕಿಸಲೂ ಸಾಲದ ಸಣ್ಣ ಬಾಯಿ,
ಅದರದೆಂಥ ದೂರು ಎಂದು ನಾನು ನಕ್ಕೆ:
‘ಬೆರಳು ಹೋಗಿರುತ್ತೆ ಸಾರ್, ಎಲ್ಲರದೂ ಹೋಗುತ್ತೆ.’
ಅರ ತೆಗೆದುಕೊಂಡೆ. ಮುನ್ನೂರು ರೂಪಾಯಿ.
ಪುಸ್ತಕದಲ್ಲಿ ಬರೆದೆ: ಸರಿ ಮಾಡಲಾಯಿತು.
ಮಾಡಲಾಯಿತು!
ಆ ಮಾತಿನೊಳಗೂ ಯಾರೂ ಇಲ್ಲ, ಹುಡುಕಿದೆ.

ನಿನ್ನೆ ಪೇದೆ ಬಂದ, ಹೇಳಿಕೆ ಬೇಕೆಂದ.
ಕ್ಯಾಪ್ ಮಾತ್ರ ಇರುವ ಖಾಲಿ ತೋಟೆ ತುಂಬಿ
ಪಿಸ್ತೂಲನ್ನು ವೈಸಿನಲ್ಲಿ ಬಿಗಿದೆ,
ಮೂತಿ ಮರಳಿನ ಚೀಲಕ್ಕೆ.
ಟ್ರಿಗರಿನ ಸುತ್ತ ಹಗ್ಗ ಕಟ್ಟಿ ಗಂಟಿಗೆ ಅರಗು ಹಚ್ಚಿದೆ,
ಬೆರಳಿಗೆ ಜಾಗವೇ ಇಲ್ಲದ ಹಾಗೆ.
ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದೆ,
ಜೀಪಿನ ಬಾಗಿಲು ತಟ್ಟುವಷ್ಟು.
ಒಂದು. ಎರಡು.
ಆರರವರೆಗೆ ಪೇದೆ ಆಕಳಿಸುತ್ತಿದ್ದ.
ಏಳನೆಯದಕ್ಕೆ
ಅವನ ಪೆನ್ನು ಬೆಂಚಿನ ಕೆಳಗೆ ಉರುಳಿತು.

ಬಗ್ಗಿ ಎತ್ತಿಕೊಂಡು, ಕಿವಿ ಉಜ್ಜುತ್ತ ಕೇಳಿದ:
‘ಈಗ ಏನಂತ ಬರೀಲಿ?’

‘ನಾನು’ ಅಂತ ಶುರು ಮಾಡಿ.
ಹೋದ ವರ್ಷದ ಮುನ್ನೂರು ರೂಪಾಯಿ ಮೊದಲು ಬರಲಿ.
ಆಮೇಲೆ ಕಂಪನಿಯ ಹೆಸರು.
ಮೂರು ಕಡೆ ಕೆತ್ತಿದ್ದಾರೆ, ಅಂದವಾಗಿ.
ಇಗೋ, ದೀಪ ಹತ್ತಿರ ಹಿಡಿಯುತ್ತೇನೆ,
ನೋಡಿ ಬರೆದುಕೊಳ್ಳಿ,
ಒಂದಕ್ಷರವೂ ತಪ್ಪದ ಹಾಗೆ.